ಮೆಕ್ಕೆಜೋಳದ ನಾಡು ಮಗ್ಗುಲು ಬದಲಿಸಿದ ಕಥೆ: ಹೋವರ್ಡ್ ಕೌಂಟಿಯ ಮತಗಳ ಬಗ್ಗೆ ಒಂದು ಉತ್ತರ

ಪ್ರಶ್ನೆ: ನಾನು ರಾಣೆಬೆನ್ನೂರು ತಾಲ್ಲೂಕಿನ ಮೆಕ್ಕೆಜೋಳದ ರೈತ. ಮಗ ಅಮೆರಿಕದ ಮಿನ್ನೆಸೋಟಾ ರಾಜ್ಯದ ರಾಚೆಸ್ಟರ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗಿದ್ದಾಗ ಕಾರಿನಲ್ಲಿ ದಕ್ಷಿಣಕ್ಕೆ, ಪಕ್ಕದ ಅಯೋವಾ ರಾಜ್ಯದ ಕ್ರೆಸ್ಕೋ ಎಂಬ ಊರಿಗೆ ಕರೆದೊಯ್ದಿದ್ದ. ದಾರಿಯ ಎರಡೂ ಬದಿಗೆ ಮೆಕ್ಕೆಜೋಳ, ಸೋಯಾ ಬಿಟ್ಟರೆ ಬೇರೇನೂ ಕಾಣಲಿಲ್ಲ. ಈ ಕೌಂಟಿಯವರು ಒಬಾಮಾ ಅವರಿಗೆ ಭಾರೀ ಮುನ್ನಡೆ ಕೊಟ್ಟು, ನಾಲ್ಕೇ ವರ್ಷದಲ್ಲಿ ಹೆಚ್ಚುಕಡಿಮೆ ಅಷ್ಟೇ ಮುನ್ನಡೆಯನ್ನು ಟ್ರಂಪ್ ಅವರಿಗೆ ಕೊಟ್ಟರು ಎಂದು ಮಗ ಹೇಳಿದ. ಅಲ್ಲಿನ ರೈತರು ಬೆಲೆ ನೋಡಿ ಮತ ಹಾಕುತ್ತಾರೆಯೇ, ಪಕ್ಷ ನೋಡಿ ಹಾಕುತ್ತಾರೆಯೇ? ಹಿಂದಿನಿಂದಲೂ ಹೀಗೆಯೇ ಇದ್ದಾರೆಯೇ?

ಉತ್ತರ: ನಿಮ್ಮ ಮಗ ಉತ್ಪ್ರೇಕ್ಷೆ ಮಾಡಿಲ್ಲ. ನೀವು ನೋಡಿ ಬಂದ ಕ್ರೆಸ್ಕೋ, ಹೋವರ್ಡ್ ಕೌಂಟಿಯ ಆಡಳಿತ ಕೇಂದ್ರ. ಕೌಂಟಿ ಎಂದರೆ ರಾಜ್ಯದೊಳಗಿನ ಒಂದು ಆಡಳಿತ ವಿಭಾಗ. 2012ರಲ್ಲಿ ಡೆಮಾಕ್ರಟಿಕ್ ಪಕ್ಷದ ಒಬಾಮಾ ಅಲ್ಲಿ ಶೇ. 20ಕ್ಕಿಂತ ಹೆಚ್ಚಿನ ಅಂತರದಿಂದ ಮುಂದಿದ್ದರು. 2016ರಲ್ಲಿ ರಿಪಬ್ಲಿಕನ್ ಪಕ್ಷದ ಟ್ರಂಪ್ ಕೂಡ ಶೇ. 20ಕ್ಕಿಂತ ಹೆಚ್ಚಿನ ಅಂತರದಿಂದ ಮುಂದಿದ್ದರು. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಕೌಂಟಿಗಳಿವೆ. ಹೀಗೆ ಎರಡು ದಿಕ್ಕಿಗೂ ಇಪ್ಪತ್ತು ದಾಟಿ ವಾಲಿದ್ದು ಇದೊಂದೇ. ಆದ್ದರಿಂದಲೇ 2016ರ ನಂತರ ವರದಿಗಾರರು ಕ್ರೆಸ್ಕೋದ ಹೋಟೆಲುಗಳಲ್ಲಿ ಕಾಫಿ ಕುಡಿಯುತ್ತ ಕುಳಿತವರನ್ನು ಮಾತನಾಡಿಸಲು ಸಾಲುಗಟ್ಟಿ ಬಂದರು.

ಮೊದಲು ಅಳತೆಯ ಮಾತು ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಶೇಕಡಾವಾರು ಲೆಕ್ಕ ನಮ್ಮನ್ನು ದಾರಿ ತಪ್ಪಿಸುತ್ತದೆ. ಹೋವರ್ಡ್ ಕೌಂಟಿ ವಿಸ್ತೀರ್ಣದಲ್ಲಿ ನಮ್ಮ ಒಂದು ತಾಲ್ಲೂಕಿನಷ್ಟಿದೆ, ಜನಸಂಖ್ಯೆಯಲ್ಲಿ ಒಂದು ದೊಡ್ಡ ಹಳ್ಳಿಯಷ್ಟು: 2020ರ ಜನಗಣತಿಯಲ್ಲಿ ಸುಮಾರು ಒಂಬತ್ತೂವರೆ ಸಾವಿರ. ಅಧ್ಯಕ್ಷೀಯ ಚುನಾವಣೆಯಲ್ಲಿ ಅಲ್ಲಿ ಬೀಳುವ ಮತ ನಾಲ್ಕೂವರೆ ಸಾವಿರದ ಆಸುಪಾಸು. ಹಾಗಿದ್ದ ಮೇಲೆ ಆ ಕಡೆ ಇಪ್ಪತ್ತು, ಈ ಕಡೆ ಇಪ್ಪತ್ತು, ಒಟ್ಟು ನಲವತ್ತು ಶೇಕಡಾ ಅಂಶಗಳ ಹೊರಳಾಟಕ್ಕೆ ಎಷ್ಟು ಮಂದಿ ಬೇಕು? ಒಬ್ಬ ಮತದಾರ ಆಚೆಯಿಂದ ಈಚೆಗೆ ಬಂದರೆ ಅಲ್ಲಿ ಒಂದು ಕಡಿಮೆಯಾಗಿ ಇಲ್ಲಿ ಒಂದು ಹೆಚ್ಚಾಗುತ್ತದೆ, ಅಂತರ ಎರಡು ಬದಲಾಗುತ್ತದೆ. ಹೀಗೆ ಲೆಕ್ಕ ಹಾಕಿದರೆ ಒಂಬೈನೂರು, ಹೆಚ್ಚೆಂದರೆ ಸಾವಿರ ಜನ. ಒಂದು ದೊಡ್ಡ ಮದುವೆಯ ಊಟದ ಪಂಕ್ತಿಯಲ್ಲಿ ಕೂರುವಷ್ಟು ಮಂದಿ ಮನಸ್ಸು ಬದಲಿಸಿದ್ದಕ್ಕೆ ಇಷ್ಟೆಲ್ಲ ಚರ್ಚೆ. ಉಳಿದ ಮೂರೂವರೆ ಸಾವಿರ ಮಂದಿಯಲ್ಲಿ ಹೆಚ್ಚಿನವರು ಎರಡೂ ಸಲ ತಮ್ಮ ತಮ್ಮ ಪಕ್ಷಕ್ಕೇ ಹಾಕಿರಬಹುದು. ‘ಕೌಂಟಿ ಮಗುಚಿಕೊಂಡಿತು’ ಎಂದು ಓದಿದಾಗಲೆಲ್ಲ ಈ ಲೆಕ್ಕ ನೆನಪಿರಲಿ.

ಇನ್ನೊಂದು ಮಾತು. ಕೌಂಟಿಯನ್ನು ಗೆದ್ದವರಿಗೆ ಅದರಿಂದ ನೇರವಾಗಿ ಏನೂ ಸಿಗುವುದಿಲ್ಲ. ಅಯೋವಾ ರಾಜ್ಯದಲ್ಲಿ ಒಟ್ಟು ಮತ ಯಾರಿಗೆ ಹೆಚ್ಚು ಬಂತೋ ಅವರಿಗೆ ಆ ರಾಜ್ಯದ ಆರೂ ಎಲೆಕ್ಟೋರಲ್ ಮತಗಳು (ಅಧ್ಯಕ್ಷರನ್ನು ಕೊನೆಗೆ ಆರಿಸುವ ಪ್ರತಿನಿಧಿಗಳ ಮತಗಳು) ಹೋಗುತ್ತವೆ. ಅಧ್ಯಕ್ಷೀಯ ಚುನಾವಣೆಯ ಮಟ್ಟಿಗೆ ಕೌಂಟಿ ಎನ್ನುವುದು ಮತ ಎಣಿಸುವ ಘಟಕ, ಅಷ್ಟೇ. ನಮ್ಮ ಚುನಾವಣಾ ಆಯೋಗದಂಥ ಒಂದೇ ಸಂಸ್ಥೆ ಅಲ್ಲಿಲ್ಲ. ಅಯೋವಾದಲ್ಲಿ ಮತಪಟ್ಟಿ, ಮತಗಟ್ಟೆ, ಎಣಿಕೆಯನ್ನೆಲ್ಲ ನೋಡಿಕೊಳ್ಳುವವರು ಕೌಂಟಿ ಆಡಿಟರ್. ಅವರೂ ಜನರಿಂದಲೇ ಆಯ್ಕೆಯಾಗಿ ಬರುವವರು. ಇದರಿಂದ ನಮ್ಮಂಥವರಿಗೆ ಒಂದು ಅನುಕೂಲವಾಗಿದೆ: ನೂರೈವತ್ತಕ್ಕೂ ಹೆಚ್ಚು ವರ್ಷಗಳ ಮತ ಕೌಂಟಿವಾರು ದಾಖಲೆಯಾಗಿ ಉಳಿದಿದೆ, ಒಂದೊಂದು ನಾಡಿನ ಮನಸ್ಸು ಯಾವಾಗ ಎತ್ತ ವಾಲಿತು ಎಂದು ಓದಿಕೊಳ್ಳಬಹುದು.

ಬೆಲೆ ನೋಡಿಯೋ, ಪಕ್ಷ ನೋಡಿಯೋ ಎಂದು ಕೇಳಿದ್ದೀರಿ. ಒಂದು ಕಾಲಕ್ಕೆ ಪಕ್ಷ, ಆಮೇಲೆ ಬೆಲೆ. ಈಗಿನದಕ್ಕೆ ಉತ್ತರ ಹೇಳಬೇಕಾದರೆ ನಿಮ್ಮ ಪ್ರಶ್ನೆಯಲ್ಲಿರುವ ‘ರೈತರು’ ಎಂಬ ಪದವನ್ನೇ ಸ್ವಲ್ಪ ಕೆದಕಬೇಕು. ಅದಕ್ಕೆ ಆಮೇಲೆ ಬರುತ್ತೇನೆ.

ಅಂತರ್ಯುದ್ಧದ ಕಾಲದಿಂದ ಶುರು ಮಾಡೋಣ. ಅಯೋವಾ 1856ರಿಂದ 1908ರವರೆಗೆ ಒಂದೇ ಒಂದು ಸಲವೂ ತಪ್ಪದೆ ರಿಪಬ್ಲಿಕನ್ ಪಕ್ಷಕ್ಕೆ ಮತ ಹಾಕಿತು. ಲಿಂಕನ್ ಅವರ ಪಕ್ಷ, ಗುಲಾಮಗಿರಿಯ ವಿರುದ್ಧ ಹೋರಾಡಿದ ಸೈನಿಕರ ಪಕ್ಷ ಎಂಬ ನಿಷ್ಠೆ ಅದು. ಬೆಲೆಗೂ ಅದಕ್ಕೂ ಸಂಬಂಧವಿರಲಿಲ್ಲ. ಆದರೆ ಈಶಾನ್ಯ ಅಯೋವಾದಲ್ಲಿ ಎಲ್ಲರೂ ಒಂದೇ ಬಗೆಯವರಾಗಿರಲಿಲ್ಲ. ನಾರ್ವೆಯಿಂದ ಬಂದ ಲೂಥರನ್ನರು, ಜರ್ಮನ್ನರು, ಐರಿಷ್ ಕ್ಯಾಥೊಲಿಕರು, ಬೊಹೀಮಿಯಾದ ಚೆಕ್ ಜನರು ಅಕ್ಕಪಕ್ಕದ ಊರುಗಳಲ್ಲಿ ನೆಲೆಯಾದರು. ಹೋವರ್ಡ್ ಕೌಂಟಿಯ ಗಡಿಯಲ್ಲಿ ಪ್ರೊಟಿವಿನ್ ಎಂಬ ಪುಟ್ಟ ಊರಿದೆ. ಹೆಸರೇ ಬೊಹೀಮಿಯಾದಿಂದ ಬಂದದ್ದು. ಅಲ್ಲಿಗೆ ಹತ್ತಿರದ ಸ್ಪಿಲ್‌ವಿಲ್ ಎಂಬ ಚೆಕ್ ಹಳ್ಳಿಯಲ್ಲಿ ಸಂಗೀತಗಾರ ದ್ವೊರ್ಜಾಕ್ 1893ರ ಬೇಸಿಗೆ ಕಳೆದಿದ್ದರು. ಈ ಊರುಗಳನ್ನು ಬೇರೆ ಬೇರೆ ಪಕ್ಷಗಳ ಕಡೆಗೆ ಎಳೆದ ದೊಡ್ಡ ಪ್ರಶ್ನೆ ಮದ್ಯ. ಬಿಯರ್ ಬೇಡವೆನ್ನುವ ಪ್ರೊಟೆಸ್ಟಂಟರು ರಿಪಬ್ಲಿಕನ್ನರ ಕಡೆ, ಭಾನುವಾರ ಚರ್ಚಿನಿಂದ ಬಂದು ಬಿಯರ್ ಕುಡಿಯುವವರು ಡೆಮಾಕ್ರಟರ ಕಡೆ. ಸ್ಥೂಲವಾಗಿ ಹೇಳುತ್ತಿದ್ದೇನೆ, ಆದರೆ ಇದು ಹತ್ತಾರು ವರ್ಷ ನಿಂತ ಗೆರೆ.

ಆ ಗೆರೆಯನ್ನು ಅಳಿಸಿದ್ದು ಭಾಷೆ. ಇದನ್ನು ಕನ್ನಡದ ಓದುಗರಿಗೆ ಹೇಳದೆ ಮುಂದೆ ಹೋಗಲು ನನಗೆ ಮನಸ್ಸಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ, 1918ರ ಮೇ ತಿಂಗಳಿನಲ್ಲಿ, ಅಯೋವಾದ ರಾಜ್ಯಪಾಲ ವಿಲಿಯಂ ಹಾರ್ಡಿಂಗ್ ಒಂದು ಘೋಷಣೆ ಹೊರಡಿಸಿದರು. ಶಾಲೆಯಲ್ಲಿ, ರೈಲಿನಲ್ಲಿ, ಸಭೆಯಲ್ಲಿ, ಟೆಲಿಫೋನಿನಲ್ಲಿ, ಕೊನೆಗೆ ಚರ್ಚಿನ ಪ್ರಾರ್ಥನೆಯಲ್ಲೂ ಇಂಗ್ಲಿಷ್ ಬಿಟ್ಟು ಬೇರೆ ಭಾಷೆ ಆಡಕೂಡದು. ಗುರಿ ಜರ್ಮನ್ನರು, ಆದರೆ ಏಟು ನಾರ್ವೇಜಿಯನ್, ಚೆಕ್, ಡ್ಯಾನಿಷ್ ಮಾತನಾಡುವವರಿಗೂ ಬಿತ್ತು. ಹೊರಡಿಸಿದವರು ರಿಪಬ್ಲಿಕನ್, ಆದರೆ ಯುದ್ಧಕ್ಕೆ ಇಳಿಸಿದವರು ಡೆಮಾಕ್ರಟ್ ಅಧ್ಯಕ್ಷ ವಿಲ್ಸನ್. ಜರ್ಮನ್ ರೈತರು ತಮ್ಮ ಸಿಟ್ಟನ್ನು ಹೆಚ್ಚಾಗಿ ತೀರಿಸಿಕೊಂಡದ್ದು ವಿಲ್ಸನ್ ಪಕ್ಷದ ಮೇಲೆ. 1920ರ ಅಧ್ಯಕ್ಷೀಯ ಚುನಾವಣೆಯಲ್ಲಿ ರಿಪಬ್ಲಿಕನ್ ವಾರೆನ್ ಹಾರ್ಡಿಂಗ್ ಅಯೋವಾದ ಶೇ. 70ಕ್ಕೂ ಹೆಚ್ಚು ಮತ ಪಡೆದರು. ರಾಜ್ಯಪಾಲರಿಗೂ ಅಧ್ಯಕ್ಷರಿಗೂ ಅಡ್ಡಹೆಸರು ಒಂದೇ ಎಂಬುದು ಕಾಕತಾಳೀಯ, ಬಂಧುತ್ವ ಹುಡುಕಬೇಡಿ.

ಬೆಲೆಯ ಕಾಲ ಶುರುವಾಗುವುದು ಇಲ್ಲಿಂದ. ಯುದ್ಧ ಮುಗಿದ ಮೇಲೆ ಧಾನ್ಯದ ಬೆಲೆ ಕುಸಿಯಿತು, ಯುದ್ಧಕಾಲದಲ್ಲಿ ದುಬಾರಿ ದರಕ್ಕೆ ನೆಲ ಕೊಂಡವರ ಸಾಲ ಕುಸಿಯಲಿಲ್ಲ. ಆಗ ಹೋವರ್ಡ್ ಸೇರಿದಂತೆ ಈ ಭಾಗವನ್ನು ವಾಷಿಂಗ್ಟನ್ನಿನಲ್ಲಿ ಪ್ರತಿನಿಧಿಸುತ್ತಿದ್ದವರು ಗಿಲ್ಬರ್ಟ್ ಹಾಗೆನ್, ನಾರ್ವೆ ಮೂಲದ ರಿಪಬ್ಲಿಕನ್. ಸೆನೆಟರ್ ಮೆಕ್‌ನೇರಿ ಜೊತೆ ಸೇರಿ ಅವರು ತಂದ ಮಸೂದೆ ನಮ್ಮ ಬೆಂಬಲ ಬೆಲೆಗೆ ದೂರದ ಸೋದರ ಎನ್ನಬಹುದು. ಮಾರುಕಟ್ಟೆಯಲ್ಲಿ ಉಳಿದ ಹೆಚ್ಚುವರಿ ಫಸಲನ್ನು ಸರ್ಕಾರ ನ್ಯಾಯವಾದ ಬೆಲೆಗೆ ಕೊಂಡು, ಹೊರದೇಶಕ್ಕೆ ಸಿಕ್ಕ ಬೆಲೆಗೆ ಮಾರಿ, ನಷ್ಟವನ್ನು ಬೆಳೆಗಾರರಿಂದಲೇ ಸಣ್ಣ ಶುಲ್ಕವಾಗಿ ವಸೂಲು ಮಾಡುವುದು. ಸಂಸತ್ತು 1927ರಲ್ಲೂ 1928ರಲ್ಲೂ ಅದನ್ನು ಒಪ್ಪಿತು. ಎರಡು ಸಲವೂ ಅಧ್ಯಕ್ಷ ಕೂಲಿಜ್ ತಿರಸ್ಕರಿಸಿದರು, ಅದೂ ತಮ್ಮದೇ ಪಕ್ಷದವರು ತಂದ ಮಸೂದೆಯನ್ನು. ಆದರೂ 1928ರಲ್ಲಿ ಅಯೋವಾ ಮತ್ತೆ ಅದೇ ಪಕ್ಷಕ್ಕೆ, ಹರ್ಬರ್ಟ್ ಹೂವರ್ ಅವರಿಗೆ ಹಾಕಿತು. ಹೂವರ್ ಅಯೋವಾದ ವೆಸ್ಟ್ ಬ್ರಾಂಚ್‌ನಲ್ಲಿ ಹುಟ್ಟಿದವರು, ಮನೆಮಗ. ಎದುರಿದ್ದ ಆಲ್ ಸ್ಮಿತ್ ನ್ಯೂಯಾರ್ಕಿನ ಕ್ಯಾಥೊಲಿಕ್. ಹಳೆಯ ಅಭ್ಯಾಸ ಒಂದು ಏಟಿಗೆ ಬಿಡುವುದಿಲ್ಲ.

ನಾಲ್ಕು ವರ್ಷದ ನಂತರ ಆ ಮನೆಮಗನನ್ನು ಅಯೋವಾ ಮನೆಗೆ ಕಳಿಸಿತು. 1932ರಲ್ಲಿ ಒಂದು ಬುಷೆಲ್ ಮೆಕ್ಕೆಜೋಳ, ಎಂದರೆ ಸುಮಾರು 25 ಕಿಲೊ, ಹತ್ತು ಹನ್ನೆರಡು ಸೆಂಟಿಗೆ ಇಳಿದಿತ್ತು. ಕಲ್ಲಿದ್ದಲಿಗಿಂತ ಅಗ್ಗವೆಂದು ಜನ ಮೆಕ್ಕೆಜೋಳವನ್ನೇ ಒಲೆಗೆ ಹಾಕಿ ಚಳಿಗಾಲ ಕಳೆದರು. ಮಿಲೊ ರೆನೊ ಎಂಬ ಅಯೋವಾದ ನಾಯಕನ ಹಿಂದೆ ಸೇರಿದ ರೈತರು ಪೇಟೆಗೆ ಹೋಗುವ ರಸ್ತೆಗಳನ್ನು ಅಡ್ಡಗಟ್ಟಿ ಹಾಲು, ಹಂದಿ, ಧಾನ್ಯ ಸಾಗದಂತೆ ನಿಲ್ಲಿಸಿದರು. ಸಾಲಕ್ಕೆ ಹೊಲ ಹರಾಜಾಗುವ ದಿನ ಅಕ್ಕಪಕ್ಕದವರೆಲ್ಲ ಸೇರಿ ಕುದುರೆಗೆ ಐದು ಸೆಂಟು, ನೇಗಿಲಿಗೆ ಒಂದು ಸೆಂಟು ಎಂದು ಕೂಗಿ, ಬೇರೆ ಯಾರೂ ಬಾಯಿ ಬಿಡದಂತೆ ಕಣ್ಣಲ್ಲೇ ಗದರಿಸಿ, ಕೊಂಡದ್ದನ್ನು ಹಳೆಯ ಯಜಮಾನನಿಗೇ ಮರಳಿಸುತ್ತಿದ್ದರು. 1933ರ ಏಪ್ರಿಲ್‌ನಲ್ಲಿ ಪಶ್ಚಿಮ ಅಯೋವಾದ ಲೆ ಮಾರ್ಸ್‌ನಲ್ಲಿ ಹೊಲ ಜಪ್ತಿಯ ಮೊಕದ್ದಮೆ ನಡೆಸುತ್ತಿದ್ದ ನ್ಯಾಯಾಧೀಶರನ್ನು ಗುಂಪೊಂದು ನ್ಯಾಯಾಲಯದಿಂದ ಎಳೆದೊಯ್ದು ಕೊರಳಿಗೆ ಹಗ್ಗ ಹಾಕಿತು. ಕೊನೆಯ ಗಳಿಗೆಯಲ್ಲಿ ಬಿಟ್ಟರು. ರಾಜ್ಯಪಾಲರು ಸೈನ್ಯ ಕರೆಸಿದರು. ಶಾಂತ, ಕರ್ಮಠ ರೈತರ ನಾಡು ಎಂದು ಅಯೋವಾ ಬಗ್ಗೆ ಹೇಳುವವರು ಈ ಪುಟವನ್ನು ಮಗುಚಿ ನೋಡುವುದಿಲ್ಲ. 1932ರಲ್ಲಿ ಡೆಮಾಕ್ರಟಿಕ್ ಅಭ್ಯರ್ಥಿ ರೂಸ್ವೆಲ್ಟ್ ಶೇ. 57ಕ್ಕೂ ಹೆಚ್ಚು ಮತ ಪಡೆದು ಅಯೋವಾವನ್ನು ಗೆದ್ದರು. ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಸಂಸತ್ತಿನಲ್ಲಿದ್ದ, ರೈತರಿಗಾಗಿ ತಮ್ಮ ಅಧ್ಯಕ್ಷರ ಎದುರೇ ನಿಂತಿದ್ದ ಹಾಗೆನ್ ಅವರೂ ಅದೇ ಪ್ರವಾಹದಲ್ಲಿ ಸೋತರು. ಪ್ರವಾಹಕ್ಕೆ ಕೃತಜ್ಞತೆ ಗೊತ್ತಿರುವುದಿಲ್ಲ.

ರೂಸ್ವೆಲ್ಟ್ ಕೃಷಿ ಸಚಿವರನ್ನಾಗಿ ಆರಿಸಿಕೊಂಡದ್ದು ಅಯೋವಾದ ಹೆನ್ರಿ ವ್ಯಾಲೆಸ್ ಅವರನ್ನು. ಹೈಬ್ರಿಡ್ ಮೆಕ್ಕೆಜೋಳದ ಬೀಜ ಮಾರುವ ಕಂಪನಿಯನ್ನು 1926ರಲ್ಲಿ ಕಟ್ಟಿದವರು ಅವರು. ಇಂದು ನೀವು ಮುಂಗಾರಿಗೆ ಮುಂಚೆ ಚೀಲ ಒಡೆದು ಬಿತ್ತುವ ಹೈಬ್ರಿಡ್ ಬೀಜದ ವ್ಯಾಪಾರ ಬೆಳೆದದ್ದು ಅಂಥ ಕೆಲಸದಿಂದಲೇ. 1933ರ ಹಿಂಗಾರಿನ ಹೊತ್ತಿಗೆ ಸರ್ಕಾರ ಒಂದು ಹೊಸ ಸಾಲ ತಂದಿತು. ಕಣಜದಲ್ಲಿ ಮೊಹರು ಹಾಕಿಟ್ಟ ಮೆಕ್ಕೆಜೋಳದ ಮೇಲೆ ಬುಷೆಲ್ಲಿಗೆ 45 ಸೆಂಟು ಸಾಲ. ಬೆಲೆ ಏರಿದರೆ ಮಾರಿ ಸಾಲ ತೀರಿಸು. ಏರದಿದ್ದರೆ ಮಾಲನ್ನೇ ಸರ್ಕಾರಕ್ಕೆ ಬಿಟ್ಟು ಕೈ ತೊಳೆದುಕೋ, ಬಾಕಿ ಕೇಳುವವರಿಲ್ಲ. ಸುಗ್ಗಿಯಲ್ಲಿ ಕಣದಿಂದಲೇ ದಲಾಲರ ಅಂಗಡಿಗೆ ಸಾಗಿಸಬೇಕಾದ ಸಂಕಟ ಗೊತ್ತಿರುವ ನಿಮಗೆ ಇದರ ಬೆಲೆ ನಾನು ಹೇಳಬೇಕಿಲ್ಲ.

ಇಷ್ಟಾದರೂ ಅಯೋವಾ ಡೆಮಾಕ್ರಟಿಕ್ ಪಕ್ಷಕ್ಕೆ ಬರೆದುಕೊಟ್ಟುಬಿಡಲಿಲ್ಲ. 1940ರಲ್ಲಿ ಅದೇ ವ್ಯಾಲೆಸ್ ರೂಸ್ವೆಲ್ಟ್ ಜೊತೆ ಉಪಾಧ್ಯಕ್ಷ ಅಭ್ಯರ್ಥಿ. ರಾಜ್ಯ ಎದುರಾಳಿ ವಿಲ್ಕಿ ಅವರಿಗೆ ಹಾಕಿತು. 1948ರಲ್ಲಿ ವ್ಯಾಲೆಸ್ ಮೂರನೆಯ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೇ ನಿಂತರು. ತವರಿನಲ್ಲಿ ನೂರಕ್ಕೆ ಎರಡು ಮತವೂ ಬೀಳಲಿಲ್ಲ. ನಮ್ಮೂರ ಮಗ ಎಂಬ ಭಾವುಕತೆಯನ್ನು ಈ ರಾಜ್ಯ ಯಾವ ಕಾಲದಲ್ಲೂ ಹೆಚ್ಚು ಹಚ್ಚಿಕೊಂಡಂತೆ ಕಾಣುವುದಿಲ್ಲ.

ಬೆಲೆ ಹೇಗೆ ಮತವಾಗುತ್ತದೆ ಎಂಬುದನ್ನು ತರಗತಿಯಲ್ಲಿ ವಿವರಿಸಬೇಕಾದಾಗ ನಾನು ಎತ್ತಿಕೊಳ್ಳುತ್ತಿದ್ದುದು 1948ರ ಚುನಾವಣೆಯನ್ನು. ಆ ವರ್ಷ ಫಸಲು ಕಂಡುಕೇಳರಿಯದಷ್ಟು ಬಂತು. ಬೆಂಬಲ ಬೆಲೆಯ ಸಾಲ ಪಡೆಯಬೇಕಾದರೆ ಧಾನ್ಯ ಸರಿಯಾದ ಕಣಜದಲ್ಲಿರಬೇಕು ಎಂಬುದು ನಿಯಮ. ರಿಪಬ್ಲಿಕನ್ ಬಹುಮತದ ಸಂಸತ್ತು ಆ ವರ್ಷವೇ ಆ ಸಾಲ ಕೊಡುವ ಸರ್ಕಾರಿ ನಿಗಮಕ್ಕೆ ಹೊಸ ಕಣಜ ಹೊಂದಿಸುವ ಅಧಿಕಾರವನ್ನು ತೆಗೆದುಬಿಟ್ಟಿತ್ತು. ಕಣಜವಿಲ್ಲ, ಆದ್ದರಿಂದ ಸಾಲವಿಲ್ಲ, ಆದ್ದರಿಂದ ಸಿಕ್ಕ ಬೆಲೆಗೆ ಮಾರು. ಬೇಸಿಗೆಯಲ್ಲಿ ಎರಡು ಡಾಲರಿನ ಮೇಲಿದ್ದ ಮೆಕ್ಕೆಜೋಳ ಚುನಾವಣೆಯ ಹೊತ್ತಿಗೆ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು. ಸೆಪ್ಟೆಂಬರ್ 18ರಂದು ಅಯೋವಾದ ಡೆಕ್ಸ್ಟರ್‌ನಲ್ಲಿ ರಾಷ್ಟ್ರೀಯ ಉಳುಮೆ ಸ್ಪರ್ಧೆಗೆ ಸೇರಿದ ಹತ್ತಾರು ಸಾವಿರ ಜನರ ಮುಂದೆ ನಿಂತು ಡೆಮಾಕ್ರಟ್ ಅಧ್ಯಕ್ಷ ಟ್ರೂಮನ್, ಈ ಸಂಸತ್ತು ರೈತನ ಬೆನ್ನಿಗೆ ಕವೆಗೋಲು ಚುಚ್ಚಿದೆ ಎಂದರು. ಪತ್ರಿಕೆಗಳೆಲ್ಲ ಅವರ ಎದುರಾಳಿ ಡ್ಯೂಯಿ ಗೆದ್ದಾಯಿತೆಂದು ಬರೆಯುತ್ತಿದ್ದ ವರ್ಷ ಅದು. ಅಯೋವಾ ಟ್ರೂಮನ್ ಅವರ ಪಾಲಾಯಿತು. ತಾಂತ್ರಿಕವಾದ, ಯಾರೂ ಓದದ ಒಂದು ಕಾನೂನಿನ ಸಾಲು ಮತಗಟ್ಟೆಯವರೆಗೆ ನಡೆದುಬಂದ ಬಗೆ ಇದು.

ನಂತರದ ಮೂವತ್ತು ವರ್ಷಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ: 1964ರಲ್ಲಿ ಡೆಮಾಕ್ರಟ್ ಜಾನ್ಸನ್ ಅವರಿಗೆ ಹಾಕಿದ್ದು ಬಿಟ್ಟರೆ ಅಯೋವಾ ಮತ್ತೆ ರಿಪಬ್ಲಿಕನ್ ಪಕ್ಷದಲ್ಲೇ ಇತ್ತು. 1980ರ ಜನವರಿಯಲ್ಲಿ ಡೆಮಾಕ್ರಟ್ ಅಧ್ಯಕ್ಷ ಕಾರ್ಟರ್ ಸೋವಿಯತ್ ಒಕ್ಕೂಟಕ್ಕೆ ಧಾನ್ಯ ಕಳಿಸದಂತೆ ನಿರ್ಬಂಧ ಹೇರಿದಾಗ ರೈತರು ಕುದಿದರು. ರಿಪಬ್ಲಿಕನ್ ರೇಗನ್ ಗೆದ್ದು ಮರುವರ್ಷ ಅದನ್ನು ತೆಗೆದುಹಾಕಿದರು. ಆದರೆ ಆ ಹೊತ್ತಿಗೆ ದೊಡ್ಡ ಕುಸಿತ ಶುರುವಾಗಿತ್ತು. 1970ರ ದಶಕದಲ್ಲಿ ರಫ್ತು ನೆಚ್ಚಿಕೊಂಡು, ಬದುವಿನಿಂದ ಬದುವಿನವರೆಗೆ ಬಿತ್ತಿರೆಂಬ ಸರ್ಕಾರದ ಮಾತು ಕೇಳಿ, ಸಾಲ ಮಾಡಿ ನೆಲ ಕೊಂಡವರು ಬಡ್ಡಿ ಏರಿದಾಗ ಸಿಕ್ಕಿಬಿದ್ದರು. ಅಯೋವಾದಲ್ಲಿ ಒಂದು ಎಕರೆಯ ಸರಾಸರಿ ಬೆಲೆ 1981ರಲ್ಲಿ 2,147 ಡಾಲರ್ ಇದ್ದದ್ದು 1986ರಲ್ಲಿ 787ಕ್ಕೆ ಬಂತು. ಸಾಲಕ್ಕೆ ಅಡವಿಟ್ಟ ನೆಲದ ಬೆಲೆಯೇ ಸಾಲಕ್ಕಿಂತ ಕಡಿಮೆ. 1985ರ ಡಿಸೆಂಬರಿನಲ್ಲಿ ಹಿಲ್ಸ್ ಎಂಬ ಊರಿನ ಆಸುಪಾಸಿನಲ್ಲಿ ಒಬ್ಬ ರೈತ ಹೆಂಡತಿಯನ್ನು, ಬ್ಯಾಂಕಿನ ಅಧ್ಯಕ್ಷನನ್ನು, ನೆರೆಯ ರೈತನನ್ನು ಗುಂಡಿಕ್ಕಿ ಕೊಂದು ತಾನೂ ಸತ್ತ. ಬ್ಯಾಂಕುಗಳು ಮುಚ್ಚಿದವು, ಟ್ರಾಕ್ಟರ್ ಅಂಗಡಿಗಳು ಮುಚ್ಚಿದವು, ಶಾಲೆಗಳು ಒಂದಕ್ಕೊಂದು ಸೇರಿಕೊಂಡವು, ಹುಡುಗರು ಊರು ಬಿಟ್ಟರು.

ಆ ಸಿಟ್ಟು 1988ರಲ್ಲಿ ಕಂಡಿತು. ಡೆಮಾಕ್ರಟಿಕ್ ಅಭ್ಯರ್ಥಿ ಡುಕಾಕಿಸ್ ಮ್ಯಾಸಚೂಸೆಟ್ಸ್‌ನ ನಗರವಾಸಿ. ಮೆಕ್ಕೆಜೋಳಕ್ಕೆ ಬೆಲೆಯಿಲ್ಲದಿದ್ದರೆ ಬೆಲ್ಜಿಯನ್ ಎಂಡೈವ್ ಎಂಬ ದುಬಾರಿ ಸೊಪ್ಪು ಬೆಳೆಯಬಹುದಲ್ಲ ಎಂದು ಅಯೋವಾದ ರೈತರಿಗೆ ಸಲಹೆ ಕೊಟ್ಟು ನಗೆಪಾಟಲಾದವರು. ಆದರೂ ದೇಶವಿಡೀ ಸೋತ ಆ ಮನುಷ್ಯನಿಗೆ ಅಯೋವಾ ಸುಮಾರು ಶೇ. 55 ಮತ ಕೊಟ್ಟಿತು. ಅವರ ತವರು ರಾಜ್ಯ ಕೊಟ್ಟದ್ದಕ್ಕಿಂತ ಹೆಚ್ಚು. ಹೋವರ್ಡ್ ಕೌಂಟಿ ಡೆಮಾಕ್ರಟಿಕ್ ಪಕ್ಷದ ಕಡೆಗೆ ಬಂದದ್ದು ಆಗಲೇ, ಮತ್ತು 2012ರವರೆಗೆ ಸತತವಾಗಿ ಏಳು ಚುನಾವಣೆಗಳಲ್ಲಿ ಅಲ್ಲೇ ನಿಂತಿತು. ಆದ್ದರಿಂದ ಒಬಾಮಾ ಅವರಿಗೆ ಬಿದ್ದ ಮತವನ್ನು ಪವಾಡವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಅದು ಕಾಲು ಶತಮಾನದ ಅಭ್ಯಾಸ. ವಿವರಣೆ ಬೇಕಿರುವುದು 2016ಕ್ಕೆ.

ಸುಲಭವಾದ ವಿವರಣೆ ಒಂದಿದೆ, ಬೆಲೆಯದ್ದೇ. 2012ರ ಬರದಲ್ಲಿ ಮೆಕ್ಕೆಜೋಳ ಬುಷೆಲ್ಲಿಗೆ ಎಂಟು ಡಾಲರ್ ಮುಟ್ಟಿತ್ತು. 2016ರ ಸುಗ್ಗಿಯಲ್ಲಿ ಮೂರು ಡಾಲರಿನ ಸುತ್ತ ತೆವಳುತ್ತಿತ್ತು. ಬೆಲೆ ಬಿತ್ತು, ಆಳುವ ಪಕ್ಷ ಬಿತ್ತು, ಹಳೆಯ ಕಥೆಯೇ. ನಾನೂ ಮೊದಲು ಹೀಗೆಯೇ ಹೇಳುತ್ತಿದ್ದೆ. ಆಮೇಲೆ ನಡೆದದ್ದು ಆ ವಿವರಣೆಗೆ ಹೊಂದಲಿಲ್ಲ. 2018ರ ಜುಲೈನಲ್ಲಿ ಟ್ರಂಪ್ ಹೇರಿದ ಸುಂಕಕ್ಕೆ ಪ್ರತಿಯಾಗಿ ಚೀನಾ ಅಮೆರಿಕದ ಸೋಯಾ ಮೇಲೆ ಶೇ. 25 ಸುಂಕ ಹಾಕಿತು. ಸೋಯಾ ಬೆಲೆ ಬಿತ್ತು. 1948ರ ಲೆಕ್ಕ ಹಿಡಿದರೆ 2020ರಲ್ಲಿ ಟ್ರಂಪ್ ಸೋಲಬೇಕಿತ್ತು. ಹೋವರ್ಡ್ ಕೌಂಟಿಯಲ್ಲಿ ಅವರ ಅಂತರ ಇನ್ನೂ ಹಿಗ್ಗಿತು. ರೈತರಿಗೆ ಪರಿಹಾರವಾಗಿ 2018ರಲ್ಲಿ 1,200 ಕೋಟಿ ಡಾಲರಿನ, 2019ರಲ್ಲಿ 1,600 ಕೋಟಿ ಡಾಲರಿನ ಯೋಜನೆ ಬಂತು, ಆ ಹಣ ಸಿಟ್ಟನ್ನು ತಣ್ಣಗಾಗಿಸಿತು ಎಂದು ನೀವು ವಾದಿಸಬಹುದು, ವಾದದಲ್ಲಿ ಹುರುಳಿದೆ. ಹಾಗಿದ್ದರೆ ಡೆಮಾಕ್ರಟ್ ಬೈಡನ್ ಕಾಲದಲ್ಲಿ, 2022ರಲ್ಲಿ, ಮೆಕ್ಕೆಜೋಳ ಆರು ಡಾಲರ್ ದಾಟಿ ನೆಲದ ಬೆಲೆ ಗಗನಕ್ಕೇರಿದ್ದಕ್ಕೆ ಆ ಪಕ್ಷಕ್ಕೆ ಏನಾದರೂ ಸಿಗಬೇಕಿತ್ತಲ್ಲ? 2024ರಲ್ಲಿ ಕೌಂಟಿ ಇನ್ನಷ್ಟು ಟ್ರಂಪ್ ಕಡೆಗೆ ಸರಿಯಿತು.

ಈಗ ‘ರೈತರು’ ಎಂಬ ಪದಕ್ಕೆ ಬರೋಣ. ನೀವು ಕಂಡದ್ದು ಹೊಲಗಳನ್ನು. ಹೊಲ ಕಂಡಷ್ಟು ರೈತರು ಅಲ್ಲಿಲ್ಲ. 1935ರ ಸುಮಾರಿಗೆ ಅಯೋವಾದಲ್ಲಿ 2.2 ಲಕ್ಷ ಹಿಡುವಳಿಗಳಿದ್ದವು, 2022ರ ಕೃಷಿ ಗಣತಿಯಲ್ಲಿ ಅವು 87 ಸಾವಿರಕ್ಕೆ ಇಳಿದಿವೆ. ಸರಾಸರಿ ಹಿಡುವಳಿ 345 ಎಕರೆ. ಕರ್ನಾಟಕದ್ದು ಮೂರು ಚಿಲ್ಲರೆ ಎಕರೆ. ನಿಮ್ಮ ತಾಲ್ಲೂಕಿನಲ್ಲಿ ಕೃಷಿ ಪ್ರದೇಶ ಎಂದರೆ ರಾತ್ರಿ ಪಂಪ್‌ಸೆಟ್ಟಿಗೆ ಕರೆಂಟು ಬರುವುದನ್ನು ಕಾಯುವ ಸಾವಿರಾರು ಮನೆಗಳು. ಅಲ್ಲಿ ಕೃಷಿ ಕೌಂಟಿ ಎಂದರೆ ಕೆಲವು ನೂರು ಕುಟುಂಬಗಳು ಉಳುವ ವಿಶಾಲ ನೆಲದ ನಡುವೆ ಇರುವ ಸಣ್ಣ ಪೇಟೆ. ಆ ಪೇಟೆಯವರು ಬೆಳಗ್ಗೆ ಎದ್ದು ಹೋಗುವುದು ಕಾರ್ಖಾನೆಗೆ, ಆಸ್ಪತ್ರೆಗೆ, ಶಾಲೆಗೆ, ಲಾರಿ ಓಡಿಸಲಿಕ್ಕೆ. ಕ್ರೆಸ್ಕೋದಲ್ಲೇ ಫೆದರ್‌ಲೈಟ್ ಎಂಬ, ಕುದುರೆ ದನ ಸಾಗಿಸುವ ಅಲ್ಯೂಮಿನಿಯಂ ಟ್ರೇಲರ್ ತಯಾರಿಸುವ ಕಾರ್ಖಾನೆ ಇದೆ. ಡೊನಾಲ್ಡ್‌ಸನ್ ಎಂಬ ಎಂಜಿನ್ ಫಿಲ್ಟರಿನ ಕಂಪನಿಯ ಘಟಕವಿದೆ. ಒಬಾಮಾ ಅವರಿಗೂ ಟ್ರಂಪ್ ಅವರಿಗೂ ಮತ ಹಾಕಿದ ಆ ಒಂಬೈನೂರು ಮಂದಿಯನ್ನು ನಾನು ಹುಡುಕಬೇಕಾದರೆ ಹೊಲದಲ್ಲಿ ಹುಡುಕುವುದಿಲ್ಲ, ಪಾಳಿ ಮುಗಿಸಿ ಹೊರಬರುವವರ ನಡುವೆ ಹುಡುಕುತ್ತೇನೆ. ಇದು ನನ್ನ ತೀರ್ಮಾನ. ಆದರೆ 2016ರಲ್ಲಿ ಕಾಲೇಜು ಪದವಿಯಿಲ್ಲದ ಬಿಳಿಯ ಕಾರ್ಮಿಕರು ದೇಶದ ಉತ್ತರ ಭಾಗದಲ್ಲೆಲ್ಲ ದೊಡ್ಡ ಪ್ರಮಾಣದಲ್ಲಿ ಟ್ರಂಪ್ ಕಡೆಗೆ ಸರಿದದ್ದು ಈಗ ಯಾರೂ ಅಲ್ಲಗಳೆಯದ ಸಂಗತಿ. ಎರಡು ಸಲ ಒಬಾಮಾ ಅವರಿಗೆ ಹಾಕಿ ಟ್ರಂಪ್ ಕಡೆಗೆ ಹೋದ ಕೌಂಟಿಗಳು ದೇಶದಲ್ಲಿ 206. ಅವುಗಳಲ್ಲಿ 31 ಅಯೋವಾದಲ್ಲೇ, ಬೇರೆ ಯಾವ ರಾಜ್ಯದಲ್ಲೂ ಇಷ್ಟಿಲ್ಲ. ಕಾಲೇಜು ಮುಗಿಸಿದ ಮಕ್ಕಳು ಡಿ ಮಾಯ್ನ್‌ಗೋ, ಅಯೋವಾ ಸಿಟಿಗೋ, ನಿಮ್ಮ ಮಗನಿರುವ ರಾಚೆಸ್ಟರ್‌ಗೋ ಹೋಗಿಬಿಡುತ್ತಾರೆ, ಅವರ ಮತವೂ ಅವರ ಜೊತೆಗೇ ಹೋಗುತ್ತದೆ ಎಂಬುದನ್ನೂ ಸೇರಿಸಿಕೊಳ್ಳಿ.

ಬೆಳೆ ಒಂದೇ ಆದರೂ ಮತ ಬೇರೆಯಾಗುವುದಕ್ಕೆ ಅದೇ ರಾಜ್ಯದ ವಾಯವ್ಯ ಮೂಲೆ ನೋಡಿ. ಸೂ ಕೌಂಟಿಯಲ್ಲೂ ಮೆಕ್ಕೆಜೋಳ, ಸೋಯಾ, ಹಂದಿ, ದನ. ನೆಲೆಸಿದವರು ಡಚ್ ಪ್ರೊಟೆಸ್ಟಂಟರು, ಚರ್ಚು ಬಿಗಿಯಾದದ್ದು. ಅಲ್ಲಿ 2012ರಲ್ಲಿ ರಿಪಬ್ಲಿಕನ್ ಅಭ್ಯರ್ಥಿ ರಾಮ್ನಿಗೂ 2016ರಲ್ಲಿ ಟ್ರಂಪ್‌ಗೂ ಶೇ. 80ಕ್ಕಿಂತ ಹೆಚ್ಚು. ಅದೇ ಬೆಲೆ, ಅದೇ ಮಳೆ, ಆದರೆ ಒಂದು ಕೌಂಟಿ ಅಲುಗಾಡಲೇ ಇಲ್ಲ, ಇನ್ನೊಂದು ಮಗುಚಿಕೊಂಡಿತು.

ಇದಕ್ಕೆ ಇನ್ನೂ ವಿಚಿತ್ರವಾದ ಜೊತೆ ಬೇಕೆಂದರೆ ಕೆಂಟುಕಿಯ ಎಲಿಯಟ್ ಕೌಂಟಿ ಇದೆ. ಗುಡ್ಡಗಳ ನಡುವಿನ ಹೊಗೆಸೊಪ್ಪಿನ ನಾಡು. 1869ರಲ್ಲಿ ರಚನೆಯಾಯಿತು, 1872ರಲ್ಲಿ ಮೊದಲ ಅಧ್ಯಕ್ಷೀಯ ಮತ ಹಾಕಿದಂದಿನಿಂದ 2012ರವರೆಗೆ ಒಂದು ಸಲವೂ ರಿಪಬ್ಲಿಕನ್ ಪಕ್ಷಕ್ಕೆ ಮುನ್ನಡೆ ಕೊಡಲಿಲ್ಲ. ಹೆಚ್ಚುಕಡಿಮೆ ಎಲ್ಲರೂ ಬಿಳಿಯರೇ ಇರುವ ಆ ಕೌಂಟಿಯಲ್ಲಿ 2008ರಲ್ಲಿ ಒಬಾಮಾ ಶೇ. 61 ಪಡೆದರು. 2016ರಲ್ಲಿ ಟ್ರಂಪ್ ಶೇ. 70. ಸರ್ಕಾರ ಹೊಗೆಸೊಪ್ಪಿಗೆ ಕೊಡುತ್ತಿದ್ದ ಕೋಟಾ ಮತ್ತು ಬೆಲೆಯ ಆಸರೆಯನ್ನು 2004ರ ಕಾನೂನು ಕೊನೆಗೊಳಿಸಿತ್ತು. ಸಣ್ಣ ಬೆಳೆಗಾರನನ್ನು ಸರ್ಕಾರಕ್ಕೂ, ಹಾಗೆ ನೋಡಿದರೆ ಆ ಯೋಜನೆ ತಂದ ಹಳೆಯ ಪಕ್ಷಕ್ಕೂ ಕಟ್ಟಿಹಾಕಿದ್ದ ಹಗ್ಗ ಅದು. ಹಗ್ಗ ಬಿಚ್ಚಿದ ಮರುದಿನವೇ ದನ ಓಡುವುದಿಲ್ಲ, ಆದರೆ ಓಡುವ ದಿನ ತಡೆಯಲು ಏನೂ ಇರುವುದಿಲ್ಲ. ನನಗೆ ಹೋವರ್ಡ್ ಕೌಂಟಿಯಲ್ಲೂ ಇಂಥದ್ದೇ ಕಾಣುತ್ತದೆ. ಬೆಲೆ, ಕಣಜ, ಸಾಲ ಇವುಗಳ ಮೂಲಕ ಮನೆ ಮನೆಗೆ ಮುಟ್ಟುತ್ತಿದ್ದ ರಾಜಕೀಯ ಈಗ ಕೆಲವೇ ದೊಡ್ಡ ಹಿಡುವಳಿದಾರರ ಕಚೇರಿ ಕಾಗದವಾಗಿದೆ. ಉಳಿದವರಿಗೆ ಚುನಾವಣೆ ಎಂದರೆ ಟಿವಿಯಲ್ಲಿ, ಮೊಬೈಲಿನಲ್ಲಿ ಬರುವ ದೇಶದ ಜಗಳ: ಗಡಿ, ಬಂದೂಕು, ಗರ್ಭಪಾತ, ನಗರದವರು ನಮ್ಮನ್ನು ಕೀಳಾಗಿ ಕಾಣುತ್ತಾರೆಂಬ ನೋವು. ಇಂಥ ಮತ ಮೆಕ್ಕೆಜೋಳದ ದರ ನೋಡಿ ಏರಿಳಿಯುವುದಿಲ್ಲ.

‘ಹಳ್ಳಿಯ ಬಿಳಿಯರು ಜನಾಂಗದ್ವೇಷದಿಂದ ಹೀಗೆ ಮಾಡಿದರು’ ಎಂಬ ಒಂದೇ ಸಾಲಿನ ತೀರ್ಪೂ ನಿಮ್ಮ ಕಿವಿಗೆ ಬಿದ್ದಿರಬಹುದು. ಅದರಲ್ಲಿ ಏನೂ ಇಲ್ಲ ಎಂದು ನಾನು ಹೇಳಲಾರೆ. ಆದರೆ ಅದೇ ಜನ ಎರಡು ಸಲ ಒಬಾಮಾ ಅವರಿಗೆ ಮತ ಹಾಕಿದ್ದನ್ನು ಆ ತೀರ್ಪು ನುಂಗಿಬಿಡುತ್ತದೆ. ಹೋವರ್ಡ್ ಕೌಂಟಿಯ ಗಡಿಯಲ್ಲಿರುವ ರೈಸ್‌ವಿಲ್ ಶಾಲೆಯಲ್ಲಿಯೇ 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯ ಮರುದಿನ, ಶಿಕ್ಷಕಿ ಜೇನ್ ಎಲಿಯಟ್ ಮೂರನೆಯ ತರಗತಿಯ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳೆಂದು ವಿಂಗಡಿಸಿ ತಾರತಮ್ಯ ಎಂದರೇನೆಂದು ಅನುಭವಕ್ಕೆ ತಂದದ್ದು. ಅದಕ್ಕಾಗಿ ಊರಿನ ಹಲವರು ಅವರ ಮೇಲೆ ಹರಿಹಾಯ್ದದ್ದೂ ಅಲ್ಲಿಯೇ. ಎರಡೂ ಒಂದೇ ಊರಿನ ಮಾತು.

ಇನ್ನು ನಮಗೂ ಆ ಕೌಂಟಿಗೂ ಇರುವ ನಿಜವಾದ ನಂಟು. ಹಸಿರು ಕ್ರಾಂತಿಯ ಗೋಧಿ ವಿಜ್ಞಾನಿ ನಾರ್ಮನ್ ಬೋರ್ಲಾಗ್ 1914ರಲ್ಲಿ ಹುಟ್ಟಿದ್ದು ಕ್ರೆಸ್ಕೋ ಸಮೀಪದ ನಾರ್ವೇಜಿಯನ್ ರೈತರ ಸಣ್ಣ ನೆಲೆಯಲ್ಲಿ. ಒಂದು ಕೋಣೆಯ ಶಾಲೆಯಲ್ಲಿ ಓದಿ, ಕ್ರೆಸ್ಕೋ ಪ್ರೌಢಶಾಲೆಯಲ್ಲಿ ಕುಸ್ತಿ ಆಡಿ, 1933ರ ಆ ಕೆಟ್ಟ ವರ್ಷದಲ್ಲಿ ಓದಲು ಮಿನ್ನಿಯಾಪೊಲಿಸ್‌ಗೆ ಹೋದರು. ಮೇಲೆ ಹೇಳಿದ ಹೆನ್ರಿ ವ್ಯಾಲೆಸ್ 1940ರಲ್ಲಿ ಮೆಕ್ಸಿಕೊ ನೋಡಿ ಬಂದು, ಅಲ್ಲಿನ ಬೆಳೆ ಸುಧಾರಣೆಗೆ ಏನಾದರೂ ಮಾಡಬೇಕೆಂದು ರಾಕ್‌ಫೆಲರ್ ಪ್ರತಿಷ್ಠಾನದವರಿಗೆ ಹೇಳಿದ್ದರು. ಆ ಯೋಜನೆಗೆ 1944ರಲ್ಲಿ ಸೇರಿದ ಬೋರ್ಲಾಗ್ ಬೆಳೆಸಿದ ಗಿಡ್ಡ ಗೋಧಿಯೇ 1960ರ ದಶಕದಲ್ಲಿ ಭಾರತಕ್ಕೆ ಬಂತು. ಅವರ ಕುಟುಂಬದ ಹೊಲಮನೆಯನ್ನು ಇಂದಿಗೂ ಹಾಗೆಯೇ ಕಾಪಾಡಿಕೊಂಡು ಬಂದಿದ್ದಾರೆ.

ಮತ್ತೆ ಆ ಕಡೆ ಹೋದರೆ ಅಲ್ಲಿಗೆ ಹೋಗಿ ಬನ್ನಿ. ಮಗನಿಗೆ ಇನ್ನೊಂದು ಕೆಲಸವನ್ನೂ ಹೇಳಿ: ಕೌಂಟಿ ಆಡಿಟರ್ ಕಚೇರಿಯಲ್ಲಿ ಮತಗಟ್ಟೆವಾರು ಫಲಿತಾಂಶ ಸಾರ್ವಜನಿಕ ದಾಖಲೆ, ಯಾರು ಬೇಕಾದರೂ ಕೇಳಬಹುದು. 2012 ಮತ್ತು 2016ರ ಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಕ್ರೆಸ್ಕೋ ಪೇಟೆಯ ಗಟ್ಟೆಗಳನ್ನೂ ಸುತ್ತಲಿನ ಹೊಲದ ಗಟ್ಟೆಗಳನ್ನೂ ಬೇರೆ ಬೇರೆ ಕೂಡಿಸಿ ನೋಡಲಿ. ಹೊಲದ ಗಟ್ಟೆಗಳೇ ಪೇಟೆಗಿಂತ ಹೆಚ್ಚು ಹೊರಳಿದ್ದರೆ ಕಾರ್ಖಾನೆಯ ಪಾಳಿಯ ಬಗ್ಗೆ ನಾನು ಬರೆದದ್ದನ್ನು ಅಳಿಸಿಬಿಡಿ, ಮತ್ತು ದಯವಿಟ್ಟು ನನಗೊಂದು ಪತ್ರ ಬರೆಯಿರಿ.